ಹತ್ತನೇ ಪಾಸಾದವನ ಪಾಸ್‌ಪೋರ್ಟ್

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಈ ಶಾಲೆಯಲ್ಲಿ ಓದಿ, ಬಿ.ಇ. ಮಾಡಿ, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ನಾನು. ಕಂಪನಿ ಕೆಲಸಕ್ಕೆಂದು ಎರಡು ವರ್ಷ ದುಬೈಯಲ್ಲಿದ್ದೆ. ಒಂದು ರಾತ್ರಿ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಎಂಟರಿಂದ ಹತ್ತರವರೆಗೆ ನನ್ನ ಬೆಂಚಿನಲ್ಲೇ ಕುಳಿತಿದ್ದ ಗೆಳೆಯ. "ಮನೆಯಲ್ಲಿ ಹೇಳಬೇಡ ಮಾರಾಯ" ಎಂದು ಶುರು ಮಾಡಿದ.

ಅಂಗಡಿಯಲ್ಲಿ ಸೇಲ್ಸ್ ಕೆಲಸ ಎಂದು ಏಜೆಂಟನೊಬ್ಬ ಒಂದೂವರೆ ಲಕ್ಷ ಪಡೆದಿದ್ದ. ಅಮ್ಮನ ಬಂಗಾರ ಸೊಸೈಟಿಯಲ್ಲಿ ಅಡವಿಟ್ಟ ಹಣ. ಕೊಟ್ಟದ್ದು ವಿಸಿಟ್ ವೀಸಾ, ಸಿಕ್ಕಿದ್ದು ಕಟ್ಟಡದ ಕೆಲಸ. ನಾಲ್ಕು ತಿಂಗಳಿಂದ ಸಂಬಳವಿಲ್ಲ. ಪಾಸ್‌ಪೋರ್ಟ್ ಮೇಸ್ತ್ರಿಯ ಕೈಯಲ್ಲಿ. ಕೊನೆಗೆ ಭಾರತದ ಕಾನ್ಸುಲೇಟಿಗೆ ಹೋಗಿ, ಅವರ ನೆರವಿನಿಂದ ಊರಿಗೆ ಬಂದ. ಬಂಗಾರ ಬಿಡಿಸಲು ಮತ್ತೆ ಮೂರು ವರ್ಷ ಬೇಕಾಯಿತು.

ಅವನ ಕಾಗದಪತ್ರಗಳಿಗಾಗಿ ಓಡಾಡುವಾಗ ನನಗೊಂದು ವಿಷಯ ತಿಳಿಯಿತು. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅವರು ಗಲ್ಫ್, ಮಲೇಷ್ಯಾ ಮುಂತಾದ ಕಡೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಆಗ ಕೆಲಸದ ಕರಾರನ್ನು ನೋಡುತ್ತಾರೆ. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಹತ್ತನೇ ಪಾಸಾದವನಿಗೆ ಈ ತಪಾಸಣೆ ಇಲ್ಲ. ಓದಿದವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ. ನನ್ನ ಗೆಳೆಯ ಫಸ್ಟ್ ಕ್ಲಾಸಿನಲ್ಲಿ ಪಾಸಾದವನು. ಆದರೆ ಕರಾರು ಪತ್ರ ಓದುವುದನ್ನು ಅವನಿಗೂ ನನಗೂ ಯಾರೂ ಕಲಿಸಿರಲಿಲ್ಲ.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ನಮ್ಮೂರಿನ ಎಷ್ಟೋ ಹೆಂಚಿನ ಮನೆಗಳು ತಾರಸಿ ಕಂಡದ್ದು ಗಲ್ಫಿನ ದುಡಿಮೆಯಿಂದಲೇ. ಹೋಗುವ ಮುಂಚೆ ಇಷ್ಟು ಮಾಡಿ.

ಏಜೆಂಟ್ ನೋಂದಾಯಿತನೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ರಸೀದಿ ಕೇಳಿ ಪಡೆಯಿರಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಅಲ್ಲಿ ಅದೇ ನಿಮ್ಮ ಮೇಲಿನ ಅಪರಾಧವಾಗುತ್ತದೆ, ದೂರು ಕೊಡಲೂ ಹೆದರಿಕೆಯಾಗುತ್ತದೆ. ಪಾಸ್‌ಪೋರ್ಟ್, ವೀಸಾ, ಕರಾರಿನ ಪ್ರತಿ ಮನೆಯಲ್ಲೂ ಇರಲಿ. ಕೆಲಸಗಾರನ ಪಾಸ್‌ಪೋರ್ಟ್ ಮಾಲೀಕ ಇಟ್ಟುಕೊಳ್ಳುವುದು ಯು.ಎ.ಇ.ಯ ಕಾನೂನಿನಲ್ಲೇ ತಪ್ಪು. ತೊಂದರೆಯಾದರೆ ರಾಯಭಾರ ಕಚೇರಿಗೆ ಹೋಗಿ. ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ದೂರು ದಾಖಲಿಸಬಹುದು.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಕೊಡುವ ದಿನ ನಮಗೆ ಒಂದು ಗಂಟೆ ಕೊಡಿ. ಹಳೆ ವಿದ್ಯಾರ್ಥಿಗಳು ಬಂದು ಒಂದು ಕರಾರು ಪತ್ರವನ್ನು ಮಕ್ಕಳ ಜೊತೆ ಕುಳಿತು ಸಾಲು ಸಾಲಾಗಿ ಓದುತ್ತೇವೆ. ನನ್ನ ಗೆಳೆಯನೂ ಬರುತ್ತೇನೆ ಎಂದಿದ್ದಾನೆ. ಇಂದು ಅವನು ಈ ಸಭೆಯಲ್ಲೇ ಕುಳಿತಿದ್ದಾನೆ. "ಈಗ ಹೇಳು ಮಾರಾಯ, ಎಲ್ಲರಿಗೂ ಹೇಳು" ಎಂದು ಒಪ್ಪಿಗೆ ಕೊಟ್ಟವನೂ ಅವನೇ.