ವ್ಯಸನದ ನೆನಪು ಮಿದುಳಿನಲ್ಲಿ ನೆಲೆಸುವ ಬಗೆ



ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಶ್ರೀ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು, ಕಾಳುಕಡಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡತೊಡಗಿದುದು ನಾಡಿಗೆಲ್ಲ ತಿಳಿದ ಸಂಗತಿ. ಗುರುಸನ್ನಿಧಿಯಲ್ಲಿ ಆಣೆಯಿಟ್ಟು ಕಡೆತನಕ ನಡೆಸಿದವರು ಇರುವಂತೆ, ಎಲ್ಲ ಕಡೆಯೂ ಊರಿಗೆ ಮರಳಿ ಮತ್ತೆ ಜಾರಿದವರೂ ಇರುವರು. ಅಂಥವನನ್ನು ಜನರು ವಚನಭ್ರಷ್ಟನೆನ್ನುವರು; ಮಡದಿಯೂ ನಂಬುವುದನ್ನು ಬಿಡುವಳು. ಹಾಗಾದರೆ ಆಣೆಯಿಟ್ಟ ದಿನ ಅವನು ಸುಳ್ಳಾಡಿದನೆ? ಮಿದುಳನ್ನು ಕುರಿತ ಶೋಧನೆಗಳು ಹಾಗೆ ಹೇಳುವುದಿಲ್ಲ.

ಮಿದುಳಿನ ನಡುಭಾಗದಲ್ಲಿ ಕೆಲವು ನರಕೋಶಗಳುಂಟು. ಅವು ಡೋಪಮೀನ್ ಎಂಬ ರಾಸಾಯನಿಕವನ್ನು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ನರಗ್ರಂಥಿಯಲ್ಲಿ ಸೂಸುವುವು. ಮದ್ಯ, ಅಫೀಮು, ತಂಬಾಕು ಇವುಗಳ ದಾರಿ ಬೇರೆಬೇರೆಯಾದರೂ ಎಲ್ಲವೂ ಅಲ್ಲಿ ಡೋಪಮೀನನ್ನು ಹೆಚ್ಚಿಸುವುವು. ಇದನ್ನು ಸುಖದ ದ್ರವ್ಯವೆಂದು ಕರೆಯುವ ರೂಢಿ ಬಂದಿದೆ. ಆ ಹೆಸರು ಅಷ್ಟು ಸರಿಯಾದುದಲ್ಲ. ವೂಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿಗಳು ಕೋತಿಗಳಿಗೆ ಮೊದಲು ಒಂದು ಸಂಜ್ಞೆಯನ್ನು ತೋರಿಸಿ, ಅನಂತರ ಹಣ್ಣಿನ ರಸದ ಹನಿಯನ್ನು ಕೊಟ್ಟು ಈ ಕೋಶಗಳನ್ನು ಪರೀಕ್ಷಿಸಿದರು. ಮೊದಮೊದಲು ರಸವು ಬಾಯಿಗೆ ಬಿದ್ದಾಗ ಕೋಶಗಳು ಮಿಡಿದುವು. ಅಭ್ಯಾಸವಾದ ಮೇಲೆ ಸಂಜ್ಞೆ ಕಂಡೊಡನೆಯೇ ಮಿಡಿದುವು; ರಸ ಬಂದಾಗ ಸುಮ್ಮನಿದ್ದುವು. ಕುಡಿಯುವವನಿಗೆ ಅಂಗಡಿಯ ಬಾಗಿಲು, ಇಳಿಹೊತ್ತು, ಗೆಳೆಯನ ಕೂಗು ಇವೇ ಅಂಥ ಸಂಜ್ಞೆಗಳು. ಮಾದಕ ದ್ರವ್ಯವಾದರೋ ಡೋಪಮೀನನ್ನು ತಾನೇ ಹೆಚ್ಚಿಸುವುದರಿಂದ, ಕೋಶಗಳಿಗೆ ಸುಮ್ಮನಾಗಲು ಎಡೆಗೊಡದೆ ಅದೇ ಪಾಠವನ್ನು ಪ್ರತಿ ಸಲವೂ ಗಟ್ಟಿಮಾಡುವುದೆಂದು ಕೆಲವು ಪಂಡಿತರ ಊಹೆ.

ಈ ನೆನಪು ಒಂದೇ ಉಗ್ರಾಣದಲ್ಲಿ ಇರುವುದಲ್ಲ. ಯಾವ ಸ್ಥಳದಲ್ಲಿ ಸೇವಿಸಿದನೆಂಬುದನ್ನು ಹಿಪೊಕ್ಯಾಂಪಸ್ ಎಂಬ ಭಾಗವು ಕಾಯ್ದಿರಿಸುವುದು. ಆ ಸಂಜ್ಞೆಗೆ ಅಂಟಿದ ಭಾವವನ್ನು ಅಮಿಗ್ಡಲವು ಹಿಡಿದಿಡುವುದು. ಹಲವು ವರ್ಷಗಳ ರೂಢಿಯಾದಾಗ ಕೈಯನ್ನು ತಾನಾಗಿ ನಡೆಸುವ ಕೆಲಸವು ಸ್ಟ್ರಯೇಟಮಿನ ಮೇಲ್ಭಾಗಕ್ಕೆ ಸೇರುವುದು. ತಡೆಯುವ ವಿವೇಕದ ಕೆಲಸ ಬಹುಮಟ್ಟಿಗೆ ಹಣೆಯ ಹಿಂದಿನ ಮಿದುಳಿನದು. ಆಣೆಯ ಬಲವೂ ಅಲ್ಲಿಯದೇ ಎನ್ನಬಹುದು. ಬಿಟ್ಟವನು ಹಳೆಯ ಪಾಠವನ್ನು ಅಳಿಸಿರುವುದಿಲ್ಲ, ಅದರ ಮೇಲೆ ಹೊಸ ಪಾಠವನ್ನು ಬರೆದಿರುವನು. ಬಳಲಿಕೆಯಲ್ಲಿಯೂ ದುಃಖದಲ್ಲಿಯೂ ಮೇಲಿನ ಬರೆಹ ತೆಳುವಾಗುವುದು, ಕೆಳಗಿನದು ಎದ್ದು ಕಾಣುವುದು.

ಸ್ಥಳದ ಬಲವನ್ನು ಅರಿಯಲು ವಿಯೆಟ್ನಾಮ್ ಯುದ್ಧದ ಒಂದು ಸಂಗತಿಯನ್ನು ನೋಡಬೇಕು. ಅಲ್ಲಿದ್ದ ಅಮೇರಿಕದ ಸೈನಿಕರಲ್ಲಿ ನೂರಕ್ಕೆ ಸುಮಾರು 20 ಮಂದಿ ಹೆರಾಯಿನ್ ಮೊದಲಾದ ಅಫೀಮಿನ ದ್ರವ್ಯಗಳಿಗೆ ದಾಸರಾಗಿದ್ದರು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ವಿಚಾರಿಸಿ ನೋಡಲು, ಹಾಗೆ ದಾಸರಾಗಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ದಾಸ್ಯಕ್ಕೆ ಬಿದ್ದವರು ನೂರಕ್ಕೆ ಐವರ ಆಸುಪಾಸಿನಲ್ಲಿ ಮಾತ್ರ. ಯುದ್ಧದ ಭಯ ನೀಗಿದುದೂ ದ್ರವ್ಯ ಸುಲಭವಾಗಿ ದೊರೆಯದುದೂ ಇದಕ್ಕೆ ಕಾರಣವೇ, ಸ್ಥಳವೊಂದೇ ಅಲ್ಲ. ಆದರೂ ಆ ಕಾಡು, ಆ ಪಾಳೆಯ, ಆ ಜೊತೆಗಾರರು ಸಾಗರದಾಚೆಯೇ ಉಳಿದುದು ಅವರಿಗೆ ದೊಡ್ಡ ಉಪಕಾರವಾಯಿತು.

ಊರಿನಲ್ಲಿಯೇ ಕುಡಿದು ಊರಿನಲ್ಲಿಯೇ ಬಿಡಬೇಕಾದವನಿಗೆ ಈ ಭಾಗ್ಯವಿಲ್ಲ. ಮೇಲಾಗಿ ದಿನ ಕಳೆದಂತೆ ಬಯಕೆ ಇಳಿದೇ ಇಳಿಯುವುದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಕೊಕೇನಿನ ರುಚಿ ಕಂಡ ಇಲಿಗಳಲ್ಲಿ, ಸಂಜ್ಞೆಯನ್ನು ಕಂಡಾಗ ಏಳುವ ಬಯಕೆಯು ಬಿಡಿಸಿದ ಮರುದಿನಕ್ಕಿಂತ ಕೆಲವು ವಾರಗಳ ತರುವಾಯ ಹೆಚ್ಚಾಗಿದ್ದುದು 2001ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕಂಡುಬಂದಿತು. ಮಠದ ನೆರಳಿನಲ್ಲಿ ತಿಂಗಳೊಪ್ಪತ್ತು ನೆಮ್ಮದಿಯಾಗಿದ್ದವನು ಊರಿನಲ್ಲಿ ಬಸ್ಸಿಳಿದ ಸಂಜೆಯೇ ತತ್ತರಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಸಂಜೆ ಮನೆಯವರಲ್ಲಿ ಒಬ್ಬರು ನಿಲ್ದಾಣಕ್ಕೆ ಬಂದು ಕಾದಿದ್ದು, ಅಂಗಡಿಯ ಬೀದಿಯನ್ನು ಬಿಟ್ಟು ಕೆರೆಯ ದಾರಿಯಿಂದ ಅವನನ್ನು ಕರೆದುಕೊಂಡು ಹೋಗಬಹುದು.