ಶಾರ್ದಾನನ ತಾಮ್ರದ ಹಂಡೆ



ಪುರಾಣೇತಿಹಾಸಗಳ ಚಿತ್ರಣವನ್ನು ಕಲೆಯ ಉಚ್ಚತಮ ಪ್ರಕಾರವೆಂದೂ, ಹಣ್ಣುಹಂಪಲು, ಪಾತ್ರೆಪಡಗಗಳ ಸ್ತಬ್ಧಚಿತ್ರವನ್ನು ಕನಿಷ್ಠವೆಂದೂ ಗಣಿಸುತ್ತಿದ್ದ ಫ್ರಾನ್ಸಿನ ರಾಜಾಶ್ರಿತ ಕಲಾ ಅಕಾಡೆಮಿಯು, 1728ರಲ್ಲಿ ಪ್ಯಾರಿಸಿನ ಬಡಗಿಯೊಬ್ಬನ ಮಗನಾದ ಶಾರ್ದಾನನನ್ನು, ಪ್ರಾಣಿಗಳನ್ನೂ ಫಲಗಳನ್ನೂ ಬರೆಯಬಲ್ಲ ಚಿತ್ರಕಾರನೆಂದು ತನ್ನ ಸದಸ್ಯನನ್ನಾಗಿ ಅಂಗೀಕರಿಸಿತು. ಕನಿಷ್ಠವೆನಿಸಿದ ಆ ಸ್ಥಾನದಲ್ಲಿಯೇ ನಿಂತು ಅವನು ಸಾಧಿಸಿದ ನೋಟದ ಸತ್ಯವನ್ನು ಕುರಿತು ಈ ಸಂಜೆ ನಾಲ್ಕು ಮಾತು ಅರಿಕೆಮಾಡಬೇಕೆಂದಿದ್ದೇನೆ.

1734ರ ಸುಮಾರಿಗೆ, ಗೇಣಿಗೆ ತುಸು ಮೀರಿದ ಎತ್ತರದ ಮರದ ಹಲಗೆಯೊಂದರ ಮೇಲೆ ಅವನು ಬರೆದ ಚಿತ್ರವೊಂದು ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಮರದ ಮುಕ್ಕಾಲಿಯ ಮೇಲೆ ನಲ್ಲಿಯುಳ್ಳ ತಾಮ್ರದ ಹಂಡೆ, ಕೆಳಗೆ ಕಪ್ಪು ಬಕೀಟು, ಹೂಜಿ, ಉದ್ದ ಹಿಡಿಯ ಸೌಟು. ಇಷ್ಟೇ ಅದರ ವಸ್ತು. ಮನೆಮನೆಗೆ ಕೊಳಾಯಿ ಬಾರದಿದ್ದ ಆ ಕಾಲದಲ್ಲಿ ನೀರಾಳುಗಳು ಹೊತ್ತು ತಂದ ನೀರನ್ನು ತುಂಬಿಡತಕ್ಕ ಪಾತ್ರೆ ಅದು. 1737ರಲ್ಲಿ, ಮೊದಲ ಹೆಂಡತಿಯ ಮರಣಾನಂತರ ಸಿದ್ಧವಾದ ಅವನ ಮನೆಯ ಸಾಮಾನುಗಳ ಪಟ್ಟಿಯಲ್ಲಿಯೂ ಅಂಥ ಹಂಡೆಯೊಂದು ನಮೂದಾಗಿದೆ.

ಹುಣಿಸೆಹುಳಿ ಹಚ್ಚಿ ಬೆಳಗಿದ ನಮ್ಮ ಬಚ್ಚಲುಮನೆಯ ಹಂಡೆಯನ್ನು ಕಿಟಕಿಯ ಬೆಳಕಿನಲ್ಲಿ ನೋಡಿದವರು ಬಲ್ಲಂತೆ, ತಾಮ್ರಕ್ಕೆ ಏಕವರ್ಣವೆಂಬುದಿಲ್ಲ. ಬೆಳಕು ತಗುಲಿದೆಡೆ ಅದು ನಸುಗೆಂಪು, ಮೈ ತಿರುಗಿದೆಡೆ ಕಂದು, ನೆರಳಿನಲ್ಲಿ ಬಹುಮಟ್ಟಿಗೆ ಕಪ್ಪು. ಈ ವರ್ಣಾಂತರಗಳನ್ನು ಶಾರ್ದಾನನು ನುಣುಪಾಗಿ ಬೆರೆಸಿಬಿಡದೆ, ದಪ್ಪನೆಯ ಲೇಪಗಳಾಗಿ ಒಂದರ ಪಕ್ಕದಲ್ಲೊಂದನ್ನು ಇಟ್ಟನು. ಕುಂಚವನ್ನು ಆಗತಾನೇ ಕೈಗೆತ್ತಿಕೊಂಡ ತರುಣರು, ಹಂಡೆಯ ಅಂಚನ್ನು ಮೊದಲು ಗೆರೆಯಿಂದ ಬಂಧಿಸಿ ಬಳಿಕ ಒಳಗೆ ಬಣ್ಣ ತುಂಬುವ ಅಭ್ಯಾಸವನ್ನು ಇವನ ಮುಂದೆ ನಿಂತು ಬಿಡಬಹುದೆಂದು ನನ್ನ ದೃಢವಾದ ನಂಬಿಕೆ.

ಅವನ ಮಿತ್ರನಾದ ಕೊಶಾನನು ಬರೆದಿಟ್ಟಿರುವಂತೆ, ಸತ್ತ ಮೊಲವೊಂದನ್ನು ಚಿತ್ರಿಸಹೊರಟಾಗ ಶಾರ್ದಾನನು, ತಾನು ಈವರೆಗೆ ಕಂಡದ್ದೆಲ್ಲವನ್ನೂ, ಅನ್ಯರು ಅಂಥ ವಸ್ತುವನ್ನು ಬರೆದ ರೀತಿಯನ್ನೂ ಮರೆಯಬೇಕೆಂದು ನಿಶ್ಚಯಿಸಿ, ಬಿಡಿಬಿಡಿಯಾದ ರೋಮಗಳು ಕಾಣದಷ್ಟು ದೂರದಲ್ಲಿ ಅದನ್ನಿರಿಸಿ, ಒಟ್ಟು ಆಕಾರ, ವರ್ಣದ ಮಟ್ಟ, ಉಬ್ಬು, ನೆರಳು ಬೆಳಕುಗಳನ್ನು ಮಾತ್ರ ಅನುಸರಿಸಿದನಂತೆ. ಚಿತ್ರವನ್ನು ನೋಡುವವರಿಗೂ ಈ ದೂರವು ಅವಶ್ಯವೇ. ಹತ್ತಿರ ಹೋದರೆ ಎಲ್ಲವೂ ಕದಡಿ ಅಳಿಸಿಹೋಗುವುದೆಂದೂ, ಹಿಂದೆ ಸರಿದರೆ ಮತ್ತೆ ಮೈದಾಳುವುದೆಂದೂ ಅಕಾಡೆಮಿಯ 1763ರ ಪ್ರದರ್ಶನವನ್ನು ಕುರಿತು ಬರೆಯುತ್ತಾ ಲೇಖಕ ದಿದೆರೊ ಬೆರಗಾದನು.

1760ರ ಸುಮಾರಿನ ಇನ್ನೊಂದು ಚಿತ್ರದಲ್ಲಿ, ವಸ್ತುಗಳು ಮತ್ತೂ ವಿರಳವಾಗಿ, ನೀರಿನ ಲೋಟ, ಕಾಫಿಯ ಪಾತ್ರೆ, ಬೆಳ್ಳುಳ್ಳಿ ಇಷ್ಟೇ ಉಳಿದಿವೆ. ಅಲ್ಲಿ ಅವನು ತಾಮ್ರಕ್ಕಿಂತಲೂ ದುಸ್ಸಾಧ್ಯವಾದ, ತನ್ನದೇ ಬಣ್ಣವಿಲ್ಲದ ನೀರನ್ನು, ಅದರ ಹಿಂದಣ ಮತ್ತು ಪಕ್ಕದ ಬಣ್ಣಗಳಿಂದಲೇ ಬರೆದಿದ್ದಾನೆ.