ಗಡಿನಾಡಿನ ಮನೆಗೆ ಸ್ವತಂತ್ರ ಗಣಕ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂತಹ ಉತ್ಸವಗಳಲ್ಲಿ ಪಂಪ ಕುಮಾರವ್ಯಾಸರ ಕಾವ್ಯವನ್ನೋ, ದಾಸರ ಪದಗಳನ್ನೋ, ಗಡಿಯ ಪ್ರಶ್ನೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ನನಗೆ ವಹಿಸಿರುವ ವಿಷಯವು ಆ ವಾಡಿಕೆಗೆ ಹೊರತಾದುದು. ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಈಗ ನಿತ್ಯದ ವಸ್ತುವಾಗಿರುವ ಕಂಪ್ಯೂಟರನ್ನೂ ಅದನ್ನು ನಡೆಸತಕ್ಕ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯನ್ನೂ ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಯಂತ್ರಕ್ಕೂ ಭಾಷೆಗೂ ಎಲ್ಲಿಯ ಸಂಬಂಧವೆಂದು ಕೇಳುವವರುಂಟು. ನಮ್ಮಂತಹ ಊರುಗಳಲ್ಲಿ ಆ ಸಂಬಂಧವು ಬಹಳ ಸಮೀಪದ್ದೆಂದು ತೋರಿಸುವುದೇ ನನ್ನ ಉದ್ದೇಶ.

1953 ನೆಯ ಅಕ್ಟೋಬರ್ 1 ರಂದು ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. ಪಾವಗಡ, ಶಿರಾ, ಮಧುಗಿರಿಗಳ ನೆರೆಯಲ್ಲಿದ್ದರೂ ಮಡಕಶಿರವು ಮೊದಲಿನಿಂದ ಅದೇ ಜಿಲ್ಲೆಯಲ್ಲಿದ್ದು, 2022 ನೆಯ ಏಪ್ರಿಲ್ 4 ರಂದು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಸರಿದವು, ಜಿಲ್ಲೆಯ ಹೆಸರೂ ಬದಲಾಯಿತು. ಮನೆಯ ಮಾತು ಮಾತ್ರ ಸರಿಯಲಿಲ್ಲ. ಮನೆಯೊಳಗೆ ಕನ್ನಡ, ಸಂತೆಯಲ್ಲಿಯೂ ಕಚೇರಿಯಲ್ಲಿಯೂ ತೆಲುಗು, ಮೇಲಿನ ವಿದ್ಯೆಗೆ ಇಂಗ್ಲಿಷು, ಹೀಗೆ ಮೂರು ನುಡಿಗಳೊಡನೆ ಬಾಳುವುದು ನಮಗೆ ರೂಢಿಯಾಗಿದೆ. ಆದುದರಿಂದ ನಮ್ಮ ಮನೆಗೆ ಬರುವ ಯಂತ್ರವೂ ಈ ಮೂರನ್ನೂ ಬಲ್ಲುದಾಗಿರಬೇಕು. ಯಾವ ಯಂತ್ರವನ್ನೇ ಆಗಲಿ ನಾವು ಒರೆಗೆ ಹಚ್ಚಬೇಕಾದುದು ಈ ಕಲ್ಲಿಗೆ.

ಕಾರ್ಯಾಚರಣ ವ್ಯವಸ್ಥೆಯೆಂದರೇನು? ನಮ್ಮ ಕೆರೆಯ ಕೆಳಗಿನ ಬೇಸಾಯವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವವನು ನೀರುಗಂಟಿ. ಕಂಪ್ಯೂಟರಿನಲ್ಲಿಯೂ ಹಾಗೆಯೇ. ಪತ್ರ ಬರೆಯುವ ತಂತ್ರಾಂಶ, ಲೆಕ್ಕದ ತಂತ್ರಾಂಶ, ಚಿತ್ರದ ತಂತ್ರಾಂಶ ಇವೆಲ್ಲಕ್ಕೂ ಯಂತ್ರದ ಸ್ಮೃತಿಯನ್ನೂ ವೇಳೆಯನ್ನೂ ಹಂಚಿಕೊಡುವ ನೀರುಗಂಟಿಯೇ ಕಾರ್ಯಾಚರಣ ವ್ಯವಸ್ಥೆ. ಆ ನೀರುಗಂಟಿಯು ಊರಿನ ಮಾತನ್ನು ಕೇಳುವವನೋ, ದೂರದ ಒಡೆಯನೊಬ್ಬನ ಮಾತನ್ನು ಮಾತ್ರ ಕೇಳುವವನೋ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಒಡೆತನದ ತಂತ್ರಾಂಶದಲ್ಲಿ ಅದನ್ನು ಬರೆದ ಮೂಲ ಆಕರವು ಕಂಪೆನಿಯ ಪೆಟ್ಟಿಗೆಯೊಳಗಿರುತ್ತದೆ. ನಾವು ಬಳಸಬಹುದು, ತೆರೆದು ನೋಡಲಾಗದು, ತಿದ್ದಲಾಗದು, ನೆರೆಯವನಿಗೆ ಕೊಡಲಾಗದು.

ಈ ಕಟ್ಟನ್ನು ಒಪ್ಪದೆ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983 ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ನಡೆಸುವ, ಅದರ ಒಳಗನ್ನು ಅಭ್ಯಾಸ ಮಾಡಿ ತಿದ್ದುವ, ಪ್ರತಿ ಮಾಡಿ ಹಂಚುವ, ತಿದ್ದಿದುದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಎಲ್ಲರಿಗೂ ಇರಬೇಕೆಂಬುದು ಅವರ ಮತ. 1991 ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸರು ಲಿನಕ್ಸ್ ಎಂಬ ತಿರುಳನ್ನು ಬರೆದು, ಮರುವರ್ಷವೇ ಅದನ್ನು ಗ್ನೂವಿನ ಪರವಾನಗಿಯಡಿಯಲ್ಲಿ ಲೋಕಕ್ಕೆ ಬಿಟ್ಟರು. ಈ ಎರಡರ ಕೂಡುವಿಕೆಯಿಂದ ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ವ್ಯವಸ್ಥೆಗಳು ಹುಟ್ಟಿದುವು. ಇಂಗ್ಲಿಷಿನಲ್ಲಿ ಬೆಲೆಯಿಲ್ಲದುದಕ್ಕೂ ಬಂಧನವಿಲ್ಲದುದಕ್ಕೂ ಒಂದೇ ಪದವಿರುವುದರಿಂದ ಅಲ್ಲಿ ಗೊಂದಲವುಂಟಾಗುತ್ತದೆ. ಕನ್ನಡಕ್ಕೆ ಆ ತೊಡಕಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಈ ವ್ಯವಸ್ಥೆಗಳು ನಮಗೆ ಉಚಿತವಾಗಿಯೂ ದೊರೆಯುತ್ತವೆ ಎಂಬುದು ಲಾಭ. ಸ್ವತಂತ್ರವಾಗಿವೆ ಎಂಬುದು ಗುಣ.

ಬೆಲೆಯಿಲ್ಲದ ವಸ್ತುವಿಗೆ ಬಲವೂ ಇರಲಾರದೆಂಬ ಸಂದೇಹ ಸಹಜವಾದುದು. ಆದರೆ 2017 ರ ನವೆಂಬರಿನಿಂದ ಈಚೆಗೆ ಜಗತ್ತಿನ ಅತ್ಯಂತ ವೇಗದ 500 ಮಹಾಗಣಕಗಳೂ ಲಿನಕ್ಸಿನ ಮೇಲೆಯೇ ನಡೆಯುತ್ತಿವೆ. ನಿಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಇ-ಕೋರ್ಟ್ಸ್ ಯೋಜನೆಯಲ್ಲಿ ನಮ್ಮ ದೇಶದ ನ್ಯಾಯಾಲಯಗಳು ಉಬುಂಟುವನ್ನು ಬಳಕೆಗೆ ತೆಗೆದುಕೊಂಡಿವೆ. ನ್ಯಾಯಪೀಠಕ್ಕೆ ಸಾಲುವ ವಸ್ತುವು ನಮ್ಮ ಮಕ್ಕಳ ಪಾಠಕ್ಕೆ ಸಾಲದೆ ಹೋದೀತೆ?

ಇನ್ನು ಕನ್ನಡದ ಮಾತು. ಲಿನಕ್ಸ್ ಹುಟ್ಟಿದ ಅದೇ 1991 ರಲ್ಲಿ ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಲಿಪಿಸಂಕೇತದ ಮೊದಲ ಆವೃತ್ತಿಯು ಹೊರಬಿದ್ದಿತು. ಅದರಲ್ಲಿ ಲೋಕದ ಲಿಪಿಗಳಿಗೆ ಒಂದೊಂದು ನಿವೇಶನವನ್ನು ಗೊತ್ತುಮಾಡಿದ್ದಾರೆ. ತೆಲುಗಿಗೆ 128 ಸ್ಥಾನಗಳು. ಅದು ಮುಗಿದ ಮರುಸ್ಥಾನದಿಂದಲೇ ಕನ್ನಡಕ್ಕೆ 128 ಸ್ಥಾನಗಳು. ನಮ್ಮ ಊರುಗಳಲ್ಲಿರುವಂತೆಯೇ ಅಲ್ಲಿಯೂ ಎರಡು ನುಡಿಗಳು ಒಂದೇ ಗೋಡೆಯ ಎರಡು ಬದಿಯ ಮನೆಗಳಾಗಿವೆ! ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾಯರು, ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕರ್ನಾಟಕದಲ್ಲಿ ಮನೆಮಾತಾಯಿತಷ್ಟೆ. ಅದೇ ವಿನ್ಯಾಸವು ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಿಂದ ಸೇರಿದೆ. ವಿಶೇಷವೇನೆಂದರೆ ಅದೇ ಪಟ್ಟಿಯಲ್ಲಿ ತೆಲುಗಿಗೂ ಒಂದು ಕಗಪ ವಿನ್ಯಾಸವುಂಟು. ಕನ್ನಡದ ಬೆರಳಚ್ಚನ್ನು ಕಲಿತ ನಮ್ಮ ಹುಡುಗಿಯು ಅದೇ ಬೆರಳುಗಳಿಂದ ತಾಲ್ಲೂಕು ಕಚೇರಿಗೆ ತೆಲುಗಿನಲ್ಲಿ ಅರ್ಜಿಯನ್ನು ಬರೆಯಬಲ್ಲಳು. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರರೂಪಗಳೂ ಸ್ವತಂತ್ರವಾಗಿ ದೊರೆಯುತ್ತವೆ. ಒಂದೇ ಯಂತ್ರದಲ್ಲಿ ಅಜ್ಜನ ಖಾತೆಯನ್ನು ಕನ್ನಡದಲ್ಲಿಯೂ ಮಗನ ಖಾತೆಯನ್ನು ತೆಲುಗಿನಲ್ಲಿಯೂ ಮೊಮ್ಮಗಳ ಖಾತೆಯನ್ನು ಇಂಗ್ಲಿಷಿನಲ್ಲಿಯೂ ಇಟ್ಟುಕೊಳ್ಳಬಹುದು.

ಇನ್ನೊಂದು ಸಂಗತಿಯನ್ನು ಆಲೋಚಿಸಿರಿ. ಮಡಕಶಿರ ಸೀಮೆಯ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿ ಅವರು ಕಡೆಯಿಸಿದ ಕನ್ನಡ ಶಾಸನಗಳನ್ನು ಸಾವಿರ ವರ್ಷಗಳ ಮೇಲೂ ಬಲ್ಲವರು ಓದುತ್ತಾರೆ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಸಂಕೇತದಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಕನ್ನಡ ಕಡತಗಳು ಇಂದು ತೆರೆದರೆ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಕಾರಣವೇನು? ಆ ಸಂಕೇತಗಳು ಒಂದೊಂದು ತಂತ್ರಾಂಶದ, ಒಂದೊಂದು ಅಕ್ಷರರೂಪದ ಸ್ವಂತ ಗುಟ್ಟುಗಳಾಗಿದ್ದವು. ಅಕ್ಷರರೂಪ ಹೋದೊಡನೆ ಬರಹವೂ ಹೋಯಿತು. ಶಾಸನವು ಬಯಲಿನಲ್ಲಿ ನಿಂತದ್ದು, ಎಲ್ಲರ ಕಣ್ಣಿಗೂ ತೆರೆದದ್ದು. ಯೂನಿಕೋಡಿನಲ್ಲಿ ಬರೆದು ಲಿಬ್ರೆ ಆಫೀಸಿನಂತಹ ಸ್ವತಂತ್ರ ತಂತ್ರಾಂಶದ ತೆರೆದ ಮಾದರಿಯಲ್ಲಿ ಕಾದಿಟ್ಟ ಕಡತವೂ ಅಂತಹುದೇ. ಸಂಘದ ಹಳೆಯ ನಡವಳಿಗಳೂ ಸಂಚಿಕೆಗಳೂ ನಮ್ಮ ಮೊಮ್ಮಕ್ಕಳಿಗೆ ದೊರೆಯಬೇಕಾದರೆ ಈ ಮಾರ್ಗವನ್ನೇ ಹಿಡಿಯಬೇಕು. ಅಚ್ಚಾದ ಕನ್ನಡ ಪುಟವನ್ನು ಓದಿ ಅಕ್ಷರಗಳಾಗಿ ಮಾರ್ಪಡಿಸುವ ಟೆಸರಾಕ್ಟ್ ಎಂಬ ಸ್ವತಂತ್ರ ಸಾಧನವೂ ಇದೆ. ತಪ್ಪುಗಳು ಬೀಳುತ್ತವೆ, ಒಬ್ಬರು ಕುಳಿತು ತಿದ್ದಬೇಕು. ಆದರೂ ಮೊದಲಿನಿಂದ ಬೆರಳಚ್ಚು ಮಾಡುವ ಶ್ರಮದ ಬಹುಭಾಗವು ಉಳಿಯುತ್ತದೆ.

ಇದೆಲ್ಲವೂ ಗಡಿನಾಡಿನಲ್ಲಿ ಸಾಧ್ಯವೇ ಎಂದರೆ ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡನ್ನು ನೋಡಿರಿ. 1956 ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳ ಸರ್ಕಾರವು 2001 ರಲ್ಲಿ ಪ್ರಾರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮವಾಗಿ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. 2017 ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟ ಅದು ಗ್ನೂ ಲಿನಕ್ಸಿನ ತನ್ನದೇ ಆವೃತ್ತಿಯನ್ನು ಶಾಲೆಗಳಿಗೆ ಒದಗಿಸುತ್ತದೆ. ಅಲ್ಲಿನ ಗಣಕ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗಿವೆ. ತೆಲುಗು ಬಾಂಧವರು ಹೈದರಾಬಾದಿನಲ್ಲಿ ಸ್ವೇಚ್ಛಾ ಎಂಬ ಬಳಗವನ್ನು ಕಟ್ಟಿ ಲಿನಕ್ಸನ್ನು ತಮ್ಮ ನುಡಿಗೆ ತಂದಿದ್ದಾರೆ. ಎರಡು ಕಡೆಯ ನೆರೆಯವರು ನಡೆದು ತೋರಿಸಿದ ದಾರಿ ನಮ್ಮ ಮುಂದಿದೆ.

ಈ ಕಾರ್ಯಕ್ಕೆ ಈಗ ಸಮಯವೂ ಒದಗಿದೆ. 2025 ನೆಯ ಅಕ್ಟೋಬರ್ 14 ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10 ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮುಗಿಸಿತು. ಮುಂದಿನ ವಿಂಡೋಸ್ 11 ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಹೊಸ ಸಂಸ್ಕಾರಕವೂ ಬೇಕು. ಇದರಿಂದ ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಹಳೆಯವೆನಿಸಿಕೊಂಡಿವೆ. ಎತ್ತಿಗೆ ಶಕ್ತಿಯಿದ್ದರೂ ನೊಗ ಹೊಂದಲಿಲ್ಲವೆಂದು ಎತ್ತನ್ನೇ ಮಾರುವ ಬೇಸಾಯಗಾರನುಂಟೆ? 4 ಜಿಬಿ ಸ್ಮೃತಿಯುಳ್ಳ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟಿನ ಹಗುರವಾದ ಆವೃತ್ತಿಯು ಓದು, ಬರಹ, ಲೆಕ್ಕ, ಅಂತರಜಾಲಗಳಿಗೆ ಸಾಕಾಗುವಂತೆ ನಡೆಯುತ್ತದೆ.

ಪರೀಕ್ಷಿಸಿ ನೋಡುವ ಕ್ರಮ ಸುಲಭವಾದುದು. 8 ಜಿಬಿಯ ಪೆನ್‌ಡ್ರೈವಿಗೆ ವ್ಯವಸ್ಥೆಯನ್ನು ಇಳಿಸಿಕೊಂಡು, ಅದರಿಂದಲೇ ಯಂತ್ರವನ್ನು ಹೊರಡಿಸಬಹುದು. ಹೀಗೆ ಮಾಡಿದಾಗ ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ. ಪರದೆ, ಧ್ವನಿ, ಅಂತರಜಾಲ, ಮುದ್ರಕ ಇವು ಸರಿಯಾಗಿ ನಡೆಯುವುವೇ ಎಂದು ಒಂದೆರಡು ದಿನ ನೋಡಿರಿ. ಮನಸ್ಸಿಗೆ ಬಂದರೆ ಮೊದಲು ನಿಮ್ಮ ಕಡತಗಳೆಲ್ಲವನ್ನೂ ಬೇರೆಡೆಗೆ ಪ್ರತಿ ಮಾಡಿಟ್ಟುಕೊಂಡು, ಆಮೇಲೆ ಸ್ಥಾಪಿಸಿರಿ. ಈ ಪ್ರತಿಯನ್ನು ಮಾಡದೆ ಮುಂದುವರಿಯಲೇಬಾರದು. ವಿಂಡೋಸನ್ನೂ ಉಳಿಸಿಕೊಂಡು ಎರಡನ್ನೂ ಒಂದೇ ಯಂತ್ರದಲ್ಲಿ ಇಡುವುದಕ್ಕೂ ಅವಕಾಶವುಂಟು.

ತೊಡಕುಗಳನ್ನು ಮರೆಮಾಚುವುದು ನ್ಯಾಯವಲ್ಲ. ವರ್ತಕರು ಬಳಸುವ ಟ್ಯಾಲಿ, ಅಚ್ಚುಕೂಟದವರು ಬಳಸುವ ಫೋಟೋಶಾಪ್ ಇವುಗಳ ಲಿನಕ್ಸ್ ರೂಪ ಇಲ್ಲ. ಕೆಲವು ಮುದ್ರಕಗಳು ಮೊಂಡುತನ ಮಾಡುತ್ತವೆ. ಕನ್ನಡದ ಅನುವಾದವು ಪೂರ್ಣವಾಗಿಲ್ಲ. ಒಂದು ಆದೇಶ ಕನ್ನಡದಲ್ಲಿದ್ದರೆ ಮತ್ತೊಂದು ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಅಂಗಡಿಯ ಲೆಕ್ಕದ ಯಂತ್ರವನ್ನು ಇದ್ದಂತೆಯೇ ಬಿಟ್ಟು, ಮನೆಯ ಮತ್ತು ಓದಿನ ಯಂತ್ರದಿಂದ ಮೊದಲುಮಾಡುವುದು ವಿವೇಕ. ಆದರೆ ಅನುವಾದದ ಕೊರತೆಯು ಉಳಿದ ಕೊರತೆಗಳಂತಲ್ಲ. ಅದನ್ನು ತುಂಬುವ ಅಧಿಕಾರ ನಮಗೇ ಇದೆ. ಯಾವ ಕಂಪೆನಿಗೂ ಅರ್ಜಿ ಹಾಕಬೇಕಾಗಿಲ್ಲ. ಕನ್ನಡವನ್ನೂ ಇಂಗ್ಲಿಷನ್ನೂ ಬಲ್ಲ ಅಗಳಿಯ, ರೊಳ್ಳದ, ಗುಡಿಬಂಡೆಯ, ಡಿ. ಹಿರೇಹಾಳಿನ ತರುಣ ತರುಣಿಯರು ದಿನಕ್ಕೆ ಹತ್ತು ವಾಕ್ಯಗಳನ್ನು ಅನುವಾದಿಸಿದರೆ, ಬೆಂಗಳೂರಿನವರೂ ಹೊರದೇಶದ ಕನ್ನಡಿಗರೂ ಅವನ್ನೇ ಬಳಸುತ್ತಾರೆ. ಗಡಿನಾಡು ಸದಾ ಒಳನಾಡಿನ ಕಡೆಗೆ ಕೈಚಾಚಿ ನಿಲ್ಲಬೇಕಾಗಿಲ್ಲ, ಇಲ್ಲಿಂದಲೂ ಕೊಡಬಹುದು.

ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಮೊದಲನೆಯದು, ಸದಸ್ಯರ ಮನೆಯಲ್ಲಿ ಮೂಲೆಗೆ ಬಿದ್ದಿರುವ ಕಂಪ್ಯೂಟರುಗಳನ್ನು ಕೂಡಿಸಿ, ಲಿನಕ್ಸ್ ಹಾಕಿ, ಕನ್ನಡ ಮಾಧ್ಯಮದ ಒಂದೊಂದು ಶಾಲೆಗೆ ಒಂದೊಂದನ್ನು ಕೊಡುವುದು. ಎರಡನೆಯದು, ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಕಗಪ ಬೆರಳಚ್ಚನ್ನೂ ವ್ಯವಸ್ಥೆಯ ಬಳಕೆಯನ್ನೂ ಕಲಿಸುವುದು. ಕೊಟ್ಟ ಯಂತ್ರ ಕೆಟ್ಟಾಗ ನೋಡುವವರಿಲ್ಲದಿದ್ದರೆ ಕೊಟ್ಟದ್ದು ವ್ಯರ್ಥ. ಆದುದರಿಂದ ಮೊದಲನೆಯದಕ್ಕಿಂತ ಇದು ಮುಖ್ಯ. ಮೂರನೆಯದು, ಸಂಘದ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ ಎರಡು ಪ್ರತಿಗಳಲ್ಲಿ ಕಾದಿಡುವುದು.

ಯಂತ್ರವೊಂದರಿಂದ ಭಾಷೆ ಉಳಿಯುವುದಿಲ್ಲ. ಆಡುವ ನಾಲಗೆಯಿಂದ, ಓದುವ ಕಣ್ಣಿನಿಂದ ಉಳಿಯುತ್ತದೆ. ಆದರೆ ಬರೆಯಲು ಕುಳಿತ ಮಗುವಿಗೆ ತನ್ನ ಅಕ್ಷರವು ಕೈಗೆ ಸಿಗದಿದ್ದರೆ ಅದು ಬೇರೆ ಅಕ್ಷರವನ್ನು ಹಿಡಿಯುತ್ತದೆ. ಅದಕ್ಕೆ ಮಗುವನ್ನು ದೂರಬಾರದು. ಅಕ್ಷರವನ್ನು ಅದರ ಬೆರಳ ತುದಿಗೆ ತಂದಿಡುವುದು ಹಿರಿಯರ ಕರ್ತವ್ಯ. ಅದಕ್ಕೆ ಬೇಕಾದ ಸಾಧನವು ಬೆಲೆಯಿಲ್ಲದೆ, ಬಂಧನವಿಲ್ಲದೆ ನಮ್ಮ ಬಾಗಿಲಿಗೆ ಬಂದಿದೆ.